ಗೆದ್ದವರು ಯಾರು? ಕಂಬಳದ ಮರುದಿನದ ಲೆಕ್ಕ

ಓಟ ಮುಗಿದ ಮೇಲೆ ‘ಗೆದ್ದವರು ಯಾರು?’ ಎಂದು ಕೇಳಿದರೆ ಜನ ನಗುತ್ತಾರೆ. ಮೊದಲು ಮುಟ್ಟಿದ್ದು ಗೆದ್ದಿತು, ಹಿಂದೆ ಉಳಿದದ್ದು ಸೋತಿತು, ಇದರಲ್ಲಿ ತಲೆ ಕೆಡಿಸಿಕೊಳ್ಳಲಿಕ್ಕೆ ಎಂತ ಉಂಟು? ಆದರೆ ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳ ಮುಗಿದ ಮರುದಿನ ಬೆಳುವಾಯಿ ಪೇಟೆಯ ಯಾವುದಾದರೂ ಹೋಟೆಲಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ನೋಡಿ. ಈ ಪ್ರಶ್ನೆ ನಾವು ತಿಳಿದಷ್ಟು ಸಸಾರದ್ದಲ್ಲ ಎಂದು ಗೊತ್ತಾಗುತ್ತದೆ.

ನಿದ್ದೆಗೆಟ್ಟ ಕಣ್ಣುಗಳಲ್ಲಿ ಅಲ್ಲಿ ಓಟದ ಮೌಲ್ಯಮಾಪನ ನಡೆಯುತ್ತಿರುತ್ತದೆ. ‘ಎಡದ ಕೋಣ ಗಂತಿನಲ್ಲೇ ತಡ ಮಾಡಿತು ಮಾರಾಯ್ರೆ.’ ‘ಕೋಣದ್ದು ತಪ್ಪಲ್ಲ, ಬಿಡುವವನದ್ದು ತಪ್ಪು.’ ‘ಸೆಮಿಫೈನಲಿನ ತನಕ ಒಳ್ಳೆದಿತ್ತು, ಬೆಳಗಿನ ಜಾವಕ್ಕೆ ಬಚ್ಚಿತು.’ ‘ಇವ ಹಗ್ಗ ಬಿಗಿ ಹಿಡಿದದ್ದು ಸಾಲಲಿಲ್ಲ.’ ‘ಕೆಸರು ದಪ್ಪ ಇತ್ತು, ಹಗುರದ ಕೋಣಕ್ಕೆ ಆಗುವುದಿಲ್ಲ.’ ಇವರು ಓದಿದ ಪಂಡಿತರಲ್ಲ. ಬೀಡಿ ಕಟ್ಟುವ ಮನೆಯವರು, ರಿಕ್ಷಾ ಬಿಡುವವರು, ಕಲ್ಲಿನ ಕೋರೆಗೆ ಹೋಗುವವರು, ನಾಲ್ಕು ಮುಡಿ ಗದ್ದೆ ಇರುವವರು. ಆದರೂ ಇವರ ತೀರ್ಮಾನ ಎಷ್ಟು ಸೂಕ್ಷ್ಮ ನೋಡಿ: ಒಂದು ಓಟದಲ್ಲಿ ಎಷ್ಟು ಕೈ, ಎಷ್ಟು ಕಾಲು, ಎಷ್ಟು ಬುದ್ಧಿ ಸೇರಿದೆ ಎಂಬುದನ್ನು ಒಂದೊಂದಾಗಿ ಬಿಡಿಸಿ ತೂಗುತ್ತಾರೆ.

ಅದೇ ಹೊತ್ತಿಗೆ ಅದೇ ಮೇಜಿನ ಮೇಲೆ ಪತ್ರಿಕೆ ಬಿದ್ದಿರುತ್ತದೆ. ಫಲಿತಾಂಶ ಅಚ್ಚಾಗಿರುತ್ತದೆ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಪ್ರತಿ ವಿಭಾಗದ ಕೆಳಗೆ ಮೊದಲು ಯಜಮಾನರ ಮನೆತನ, ಊರು, ಹೆಸರು. ಅವರದ್ದೇ ಎರಡು ಜೋಡಿ ಇದ್ದರೆ ‘ಎ’ ಎಂದೋ ‘ಬಿ’ ಎಂದೋ ಒಂದು ಅಕ್ಷರ. ಅದರ ನಂತರ ‘ಓಡಿಸಿದವರು’ ಎಂದು ಒಬ್ಬನ ಹೆಸರು; ಹಲಗೆಯ ಓಟವಾದರೆ ‘ಹಲಗೆ ಮುಟ್ಟಿದವರು’. ಕೋಣದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಹಟ್ಟಿಯಲ್ಲೇ ಮಲಗಿದವನ ಹೆಸರು ಇರುವುದಿಲ್ಲ. ಗಂತಿನಲ್ಲಿ ಕೋಣದ ಮುಖ ಹಿಡಿದು ನಿಂತವನ ಹೆಸರು ಇರುವುದಿಲ್ಲ. ಕರೆ ಅಗೆದು, ಮಣ್ಣು ಹದ ಮಾಡಿ, ನೀರು ತುಂಬಿಸಿದವರ ಹೆಸರು ಇರುವುದಿಲ್ಲ.

ಗೆಳೆಯರೇ, ನನ್ನ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಬೆಂಚಿನ ಮೇಲಿನ ಮಾತಿನಲ್ಲಿ ಓಟವೆಂದರೆ ಹತ್ತಾರು ಜೀವಗಳು ಕೂಡಿ ಮಾಡಿದ ಕೆಲಸ. ಅಚ್ಚಾದ ಫಲಿತಾಂಶದಲ್ಲಿ ಅದು ಒಬ್ಬ ಯಜಮಾನನ ಸೊತ್ತು. ಓಟ ಒಂದೇ, ಲೆಕ್ಕ ಎರಡು. ಇದರಲ್ಲಿ ನ್ಯಾಯದ ಲೆಕ್ಕ ಯಾವುದು?

ಇದು ಬರೀ ಕಂಬಳದ ಪ್ರಶ್ನೆಯಲ್ಲ. ಬೆಳುವಾಯಿಯಿಂದ ಈಚೆ ಬಂದರೆ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ಆಚೆ ಹೋದರೆ ಕಾರ್ಕಳದಲ್ಲಿ 1432ರ ಗೊಮ್ಮಟ. ಎರಡನ್ನೂ ‘ಮಾಡಿಸಿದವರ’ ಹೆಸರು ಚರಿತ್ರೆಯ ಪುಸ್ತಕದಲ್ಲಿ ಉಂಟು. ಕಲ್ಲು ಎಳೆದವರದ್ದು ಇಲ್ಲ. ‘ಮಾಡಿದ’ ಎಂಬ ಕ್ರಿಯಾಪದ ‘ಮಾಡಿಸಿದ’ ಎಂಬುದರ ಹೊಟ್ಟೆಯೊಳಗೆ ಸೇರಿ ಕರಗಿ ಹೋಗುವುದು ನಮ್ಮ ನಾಡಿನ ಹಳೆಯ ವ್ಯಾಕರಣ. ಕಂಬಳದ ಫಲಿತಾಂಶ ಆ ವ್ಯಾಕರಣದ ಈ ವಾರದ ಉದಾಹರಣೆ, ಅಷ್ಟೆ.

ಯಜಮಾನನ ವಾದವನ್ನು ಹಗುರವಾಗಿ ತೆಗೆದುಕೊಳ್ಳುವುದು ಬೇಡ. ಅವನು ಹೇಳುತ್ತಾನೆ: ‘ಕೋಣ ಕೊಂಡದ್ದು ನಾನು. ಮೇವು, ಮದ್ದು, ಆಳು, ಲಾರಿ ಬಾಡಿಗೆ ಎಲ್ಲ ನನ್ನದು. ಹತ್ತು ಕಂಬಳ ಸೋತರೆ ನಷ್ಟವೂ ನನ್ನದೇ. ನಾನಿಲ್ಲದಿದ್ದರೆ ಈ ಓಟವೇ ಇಲ್ಲ. ಹಾಗಾದ ಮೇಲೆ ಗೆಲುವು ನನ್ನದಲ್ಲದೆ ಮತ್ತೆ ಯಾರದ್ದು?’ ಕೇಳುವುದಕ್ಕೆ ಗಟ್ಟಿಯಾದ ಮಾತು. ಎಷ್ಟೋ ಯಜಮಾನರು ಲಾಭಕ್ಕಲ್ಲ, ಪ್ರೀತಿಗೆ ಕೋಣ ಕಟ್ಟುತ್ತಾರೆ ಎಂಬುದೂ ಸುಳ್ಳಲ್ಲ. ಕೋಣ ಸತ್ತರೆ ಮನೆಯ ಮಗ ಸತ್ತ ಹಾಗೆ ಅಳುವವರೂ ಇದ್ದಾರೆ.

ಆದರೆ ಈ ವಾದದಲ್ಲಿ ಒಂದು ಜಾರು ಮೆಟ್ಟಿಲು ಉಂಟು. ‘ನಾನಿಲ್ಲದಿದ್ದರೆ ಆಗುತ್ತಿರಲಿಲ್ಲ’ ಎಂಬ ಮಾತಿನಿಂದ ‘ನಾನೇ ಮಾಡಿದೆ’ ಎಂಬ ಮಾತಿಗೆ ಹಾರಲಿಕ್ಕೆ ಬರುವುದಿಲ್ಲ. ಮಳೆ ಇಲ್ಲದಿದ್ದರೆ ಬೆಳೆ ಇಲ್ಲ; ಹಾಗೆಂದು ಬೇಸಾಯ ಮಾಡಿದ್ದು ಮಳೆಯಲ್ಲ. ‘ಇಲ್ಲದಿದ್ದರೆ ಆಗುತ್ತಿರಲಿಲ್ಲ’ ಎಂಬುದೇ ಗೆಲುವಿನ ಹಕ್ಕುಪತ್ರವಾದರೆ ಆ ಪತ್ರವನ್ನು ಕರೆ ಅಗೆದವನಿಗೂ ಕೊಡಬೇಕು, ನೀರು ಬಿಟ್ಟವನಿಗೂ ಕೊಡಬೇಕು, ಹುರುಳಿ ಬೆಳೆದವನಿಗೂ ಕೊಡಬೇಕು. ಅವರಿಲ್ಲದಿದ್ದರೂ ಓಟ ಇರುತ್ತಿರಲಿಲ್ಲವಲ್ಲ? ಒಂದೇ ನಿಯಮವನ್ನು ಒಬ್ಬನಿಗೆ ಮಾತ್ರ ಅನ್ವಯಿಸಿ ಉಳಿದವರಿಗೆ ಕೂಲಿ ಕೊಟ್ಟು ಕಳಿಸುವುದಾದರೆ ಅದು ನಿಯಮವಲ್ಲ, ಯಜಮಾನಿಕೆ.

ನಷ್ಟ ಹೊರುವವನು ತಾನು ಎಂಬ ಮಾತೂ ಅಷ್ಟೆ. ಯಜಮಾನ ಹೊರುವುದು ಹಣದ ನಷ್ಟ. ಓಡಿಸುವವನು ಹೊರುವುದು ದೇಹದ ನಷ್ಟ. ಸುಮಾರು ನೂರ ನಲವತ್ತು ಮೀಟರಿನ ಕೆಸರು ನೀರಿನ ಕರೆಯಲ್ಲಿ, ಹಿಡಿದ ಹಗ್ಗ ಎಳೆದುಕೊಂಡು ಹೋಗುವಾಗ, ಒಂದು ಹೆಜ್ಜೆ ತಪ್ಪಿದರೆ ಮುರಿಯುವುದು ಯಾರ ಕಾಲು? ಕಾಲು ಮುರಿದವನಿಗೆ ಮರುದಿನದ ಕೂಲಿ ಇಲ್ಲ. ದುಡ್ಡಿನ ಅಪಾಯವನ್ನು ಸಾಹಸ ಎಂದೂ, ಮೂಳೆಯ ಅಪಾಯವನ್ನು ಕೆಲಸ ಎಂದೂ ಕರೆಯುವ ಭಾಷೆಯನ್ನು ನಮಗೆ ಕಲಿಸಿದವರು ಯಾರು?

ಇನ್ನು ಓಡಿಸುವವನ ಮಾತಿಗೆ ಬರೋಣ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದವರು 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಆಮೇಲೆ ಕೇಳಬೇಕೆ? ದೇಶವೆಲ್ಲ ಗದ್ದಲ. ಕೇಂದ್ರದ ಕ್ರೀಡಾ ಮಂತ್ರಿ ಟ್ರಯಲ್ಸ್‌ಗೆ ಕರೆದರು, ಮುಖ್ಯಮಂತ್ರಿ ಕರೆಸಿ 3 ಲಕ್ಷ ರೂಪಾಯಿ ಕೊಟ್ಟರು. ಕೆಲವೇ ದಿನಗಳಲ್ಲಿ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಇನ್ನೂ ವೇಗವಾಗಿ ಓಡಿದರು ಎಂದು ಸುದ್ದಿಯಾಯಿತು.

ಈ ಘಟನೆಯಲ್ಲಿ ಎರಡು ಸಂಗತಿ ಒಟ್ಟಿಗೇ ನಡೆದವು. ಮೊದಲನೆಯದು ಸಂತೋಷದ್ದು. ಕಟ್ಟಡದ ಕೆಲಸಕ್ಕೆ ಹೋಗುವ ಒಬ್ಬ ಕೂಲಿಯ ಹೆಸರು ಕೋಣದ ಯಜಮಾನನ ಹೆಸರಿಗಿಂತ ದೊಡ್ಡದಾಯಿತು. ಕಂಬಳದ ಚರಿತ್ರೆಯಲ್ಲಿ ಇದು ಸಣ್ಣ ಮಾತಲ್ಲ. ಇದನ್ನು ಮಾಡಿದ್ದು ಯಾರ ಔದಾರ್ಯವೂ ಅಲ್ಲ, ಒಂದು ಗಡಿಯಾರ. ಗಡಿಯಾರಕ್ಕೆ ಗುತ್ತು ಗೊತ್ತಿಲ್ಲ, ಬೀಡು ಗೊತ್ತಿಲ್ಲ. ಆದ್ದರಿಂದ ಅಳತೆ ಎಂದರೇನೇ ಶೋಷಣೆ ಎಂದು ನಮ್ಮಲ್ಲಿ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಸರಿಯಾದ ಅಳತೆ ಬಡವನ ಗೆಳೆಯ. ಕಳ್ಳ ಸೇರಿನಲ್ಲಿ ಭತ್ತ ಅಳೆಸಿಕೊಂಡು ಬಂದವರಿಗೆ ಇದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಅಷ್ಟು ಸಂತೋಷದ್ದಲ್ಲ. ಹೊಗಳಿಕೆ ಯಾವುದಕ್ಕೆ ಸಂದಿತು ನೋಡಿ. ಮಾಂಸಖಂಡದ ಫೋಟೋ ಊರೂರು ತಿರುಗಿತು. ‘ಹಳ್ಳಿಯವರ ಹುಟ್ಟು ಶಕ್ತಿ’, ‘ಮಣ್ಣಿನ ಮಗ’, ‘ತರಬೇತಿಯಿಲ್ಲದ ಪ್ರತಿಭೆ’ ಎಂದರು. ನಿಜವಾಗಿ ಅವರು ತರಬೇತಿ ಇಲ್ಲದವರಲ್ಲ; ಮೂಡುಬಿದಿರೆ ಕಡೆಯ ಕಂಬಳ ತರಬೇತಿ ಶಿಬಿರದಲ್ಲಿ ಕಲಿತವರು. ಎರಡು ಕೋಣಗಳ ಮನಸ್ಸನ್ನು ಒಂದು ಹಗ್ಗದಲ್ಲಿ ಓದುವುದು, ಯಾವುದು ಹಿಂಜರಿಯುತ್ತದೆ ಎಂದು ಗಂತಿನಲ್ಲೇ ತಿಳಿಯುವುದು, ಎಳೆತಕ್ಕೆ ತನ್ನ ಹೆಜ್ಜೆಯನ್ನು ಹೊಂದಿಸುವುದು, ಮಂಜೊಟ್ಟಿ ಹತ್ತುವಾಗ ಬೀಳದೆ ನಿಲ್ಲುವುದು — ಇದೆಲ್ಲ ವಿದ್ಯೆ. ವರ್ಷಗಟ್ಟಲೆ ಕಲಿತ ವಿದ್ಯೆ. ದುಡಿಯುವವನನ್ನು ಹೊಗಳುವಾಗ ಮಾತ್ರ ನಾವು ಅವನ ವಿದ್ಯೆಯನ್ನು ಬಿಟ್ಟು ಮೈಯನ್ನು ಹೊಗಳುತ್ತೇವೆ. ಪುರೋಹಿತನ ಮಂತ್ರಕ್ಕೆ ‘ಎಂಥ ಅಭ್ಯಾಸ’ ಎನ್ನುತ್ತೇವೆ, ಕೂಲಿಯ ಓಟಕ್ಕೆ ‘ಎಂಥ ಮೈಕಟ್ಟು’ ಎನ್ನುತ್ತೇವೆ. ಒಬ್ಬನಿಗೆ ಬುದ್ಧಿ, ಇನ್ನೊಬ್ಬನಿಗೆ ದೇಹ ಎಂಬ ಈ ಪಾಲು ಮನುವಿನ ಕಾಲದ್ದು. ಬೈಗುಳದಲ್ಲಿ ಬಂದರೆ ನಾವು ಅದನ್ನು ಗುರುತಿಸಿ ತಿರುಗಿ ನಿಲ್ಲುತ್ತೇವೆ. ಹಾರ ಹಾಕಿಕೊಂಡು ಬಂದರೆ ಗುರುತೇ ಸಿಗುವುದಿಲ್ಲ.

ಆ ಗದ್ದಲದಲ್ಲಿ ಅತ್ಯಂತ ಸರಿಯಾಗಿ ಮೌಲ್ಯಮಾಪನ ಮಾಡಿದವರು ಶ್ರೀನಿವಾಸ ಗೌಡರೇ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರಿನಲ್ಲಿ ಓಡುವವನು, ಎರಡನ್ನೂ ಹೋಲಿಸುವುದು ಬೇಡ ಎಂಬ ಅರ್ಥದಲ್ಲಿ ಅವರು ಮಾತಾಡಿದರು. ಓಡಿದ್ದರಲ್ಲಿ ಕೋಣಗಳ ಪಾಲೂ ಉಂಟು ಎಂದರು. ಟ್ರಯಲ್ಸ್‌ಗೆ ಹೋಗಲಿಲ್ಲ. ಇದನ್ನು ವಿನಯ ಎಂದು ಕರೆದವರು ಬಹಳ. ನನಗೆ ಇದು ವಿನಯವೆಂದು ಕಾಣುವುದಿಲ್ಲ, ಇದು ನಿಖರತೆ. ಬೋಲ್ಟ್ ನಿಂತ ನೆಲದಿಂದ ಸ್ವಂತ ಕಾಲಿನ ಬಲದಲ್ಲಿ ಓಡುತ್ತಾನೆ. ಕಂಬಳದ ಓಟಗಾರನನ್ನು ಎರಡು ಕೋಣ ಎಳೆಯುತ್ತವೆ, ಕೆಸರು ತಡೆಯುತ್ತದೆ. ಎರಡೂ ಬೇರೆ ಬೇರೆ ವಿದ್ಯೆ. ತನ್ನ ಕೆಲಸದ ಪಾಲು ಎಷ್ಟು, ಜೊತೆಯವರ ಪಾಲು ಎಷ್ಟು ಎಂದು ತಿಳಿದು ಹೇಳುವವನು ಮಾತ್ರ ಪ್ರಾಮಾಣಿಕ ತೀರ್ಪುಗಾರ. ಹಾಗೆ ತನ್ನ ಪಾಲನ್ನು ಬಿಡಿಸಿ ಹೇಳಿದ ಯಜಮಾನರು ಎಷ್ಟು ಮಂದಿ?

ಈಗ ಗಡಿಯಾರ ಅಳೆಯದ ಓಟದ ಮಾತು. ಗಡಿಯಾರ ಪ್ರಾಮಾಣಿಕ, ಸರಿ. ಆದರೆ ಅದು ಶುರುವಾಗುವುದು ಗಂತಿನಿಂದ. ಗಂತಿಗೆ ಮೊದಲು ನಡೆದದ್ದು ಅದಕ್ಕೆ ಕಾಣುವುದಿಲ್ಲ.

ಹಳೆಯ ಕಂಬಳಗಳಲ್ಲಿ ಮೊದಲು ಕರೆಗೆ ಇಳಿದು ಓಡಿದ್ದು ಕೋಣವಲ್ಲ, ಕೊರಗ. ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಕೊರಗರು ಡೋಲು ಬಡಿಯುತ್ತ ಮಂಜಿನಲ್ಲಿ ಕೂತು ಬೆಳಗು ಮಾಡಬೇಕು. ಅದಕ್ಕೆ ‘ಪನಿ ಕುಲ್ಲುನಿ’ ಎಂದು ಹೆಸರು. ಬೆಳಿಗ್ಗೆ ಕೋಣ ಇಳಿಯುವ ಮೊದಲು ಕೊರಗರನ್ನು ಕರೆಯಲ್ಲಿ ಕೋಣದ ಹಾಗೆ ಓಡಿಸಬೇಕು. ಯಾಕೆ ಎಂದು ಕೇಳಿದರೆ ಒಬ್ಬರು ಮುಳ್ಳು, ಗಾಜು ಇದ್ದರೆ ತಿಳಿಯಲಿ ಎನ್ನುತ್ತಾರೆ, ಇನ್ನೊಬ್ಬರು ಕೆಟ್ಟ ದೃಷ್ಟಿ, ಭೂತ ಬಾಧೆ ಮೊದಲು ಅವರಿಗೆ ತಾಗಿ ಹೋಗಲಿ ಎನ್ನುತ್ತಾರೆ. ಎರಡು ವಿವರಣೆಯ ಅರ್ಥ ಒಂದೇ: ಕೋಣದ ಕಾಲಿಗೆ ತಾಗಬಾರದ್ದು ಕೊರಗನ ಕಾಲಿಗೆ ತಾಗಿದರೆ ಅಡ್ಡಿಯಿಲ್ಲ. ಆ ಓಟಕ್ಕೆ ತೀರ್ಪುಗಾರರು ಇರಲಿಲ್ಲ. ಎಷ್ಟು ವೇಗ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಅಳೆದದ್ದು ಓಟಗಾರನನ್ನಲ್ಲ, ನೆಲವನ್ನು. ಅಳೆಯುವ ಕೋಲು ಮಾತ್ರ ಒಬ್ಬ ಮನುಷ್ಯ.

ಇದು ಕಟ್ಟುಕತೆಯಲ್ಲ, ಶಾಸನಕ್ಕೆ ಏರಿದ ಸತ್ಯ. 2000ದಲ್ಲಿ ಕರ್ನಾಟಕ ಸರ್ಕಾರ ಅಜಲು ಪದ್ಧತಿಯನ್ನು ನಿಷೇಧಿಸಿ ಕಾಯ್ದೆ ಮಾಡಿತು. ಕೊರಗರಿಗೆ ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಅವರನ್ನು ಕೀಳಾಗಿ ನಡೆಸಿಕೊಳ್ಳುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು — ಈ ಪಟ್ಟಿಯಲ್ಲೇ ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದೂ ಅಪರಾಧವೆಂದು ಸೇರಿತು. ಇಸವಿಯನ್ನು ಗಮನಿಸಿ. 1950ರ ಸಂವಿಧಾನವಲ್ಲ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೂ ಅಲ್ಲ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ, ಮನುಷ್ಯನನ್ನು ಕೋಣದ ಹಾಗೆ ಓಡಿಸಬಾರದು ಎಂದು ಬೇರೆಯಾಗಿ ಬರೆದು ಹೇಳಬೇಕಾಯಿತು.

ಜಾತಿ ಕೆಲಸವನ್ನು ಹಂಚಿಕೊಳ್ಳುವ ಏರ್ಪಾಟು ಮಾತ್ರ ಎಂದು ಸಮಾಧಾನ ಹೇಳುವವರಿಗೆ ಅಂಬೇಡ್ಕರ್ 1936ರಲ್ಲೇ ಉತ್ತರ ಕೊಟ್ಟಿದ್ದರು: ಅದು ಕೆಲಸ ಮಾಡುವವರನ್ನೇ ಒಬ್ಬರ ಮೇಲೊಬ್ಬರಂತೆ ಮೆಟ್ಟಿಲಿನಲ್ಲಿ ನಿಲ್ಲಿಸುತ್ತದೆ ಎಂದು. ಕಂಬಳದ ಕರೆಯಲ್ಲಿ ಆ ಮೆಟ್ಟಿಲು ಕಣ್ಣಿಗೇ ಕಾಣುತ್ತಿತ್ತು. ಮೇಲೆ ಚಪ್ಪರದಲ್ಲಿ ಯಜಮಾನ, ಕೆಳಗೆ ಕೆಸರಿನಲ್ಲಿ ಓಡಿಸುವವನು, ಅವನ ಮುಂದೆ ಕೋಣ, ಕೋಣಕ್ಕಿಂತ ಮೊದಲು ಕೊರಗ. ಮೆಟ್ಟಿಲಿನಲ್ಲಿ ಪ್ರಾಣಿಗಿಂತ ಕೆಳಗೆ ಒಂದು ಮೆಟ್ಟಿಲು ಮಾಡಿ ಅದರಲ್ಲಿ ಮನುಷ್ಯನನ್ನು ನಿಲ್ಲಿಸಿದ ಜಾಣತನ ನಮ್ಮದು.

ತುಳುನಾಡಿನ ಪಾಡ್ದನಗಳಿಗೆ ಇದೆಲ್ಲ ಗೊತ್ತಿತ್ತು. ಕೊರಗ ತನಿಯನ ಕತೆ ಕೇಳದವರು ಇಲ್ಲಿ ಯಾರು? ಏಳು ಮಂದಿಯ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದ. ಹೊರೆ ಒಳಗೆ ಹೋಯಿತು, ಹೊತ್ತವನು ಹೊರಗೆ ನಿಂತ. ಕೊನೆಗೆ ಮಾಯವಾದ, ದೈವವಾದ. ಬದುಕಿದ್ದಾಗ ಅಂಗಳಕ್ಕೆ ಬಿಡದವನಿಗೆ ಮಾಯವಾದ ಮೇಲೆ ಕೋಲ ಕೊಡುತ್ತೇವೆ. ಮೂಡುಬಿದಿರೆಯ ಕಂಬಳ ಹೊತ್ತ ಹೆಸರು ಕೋಟಿ-ಚೆನ್ನಯರದ್ದು. ಅವರ ಕತೆಯಲ್ಲೂ ಗದ್ದೆಯ ಜಗಳ ಉಂಟು. ಬುದ್ಯಂತನ ಸೊಕ್ಕಿಗೆ ಅವರು ಬಗ್ಗಲಿಲ್ಲ. ಅನ್ಯಾಯದ ಲೆಕ್ಕವನ್ನು ಒಪ್ಪದವರ ಹೆಸರಿನಲ್ಲಿ ಕರೆ ಕಟ್ಟಿದ ಮೇಲೆ ಅಲ್ಲಿ ನ್ಯಾಯದ ಲೆಕ್ಕ ಕೇಳುವುದು ತಪ್ಪಾದೀತೆ?

ಇಲ್ಲಿ ಒಂದು ಎದುರು ಮಾತು ಬರುತ್ತದೆ, ಬರಲೇಬೇಕು: ‘ಅದೆಲ್ಲ ಹಳೆಯ ಕತೆ ಮಾರಾಯ್ರೆ. ಈಗ ಕಂಬಳದಲ್ಲಿ ಬಂಟರೂ ಇದ್ದಾರೆ, ಬಿಲ್ಲವರೂ ಇದ್ದಾರೆ, ಗೌಡರೂ ಇದ್ದಾರೆ, ಜೈನರು, ಕ್ರಿಸ್ತುವರು, ಬ್ಯಾರಿಗಳೂ ಕೋಣ ತರುತ್ತಾರೆ. ಯಾರೂ ಜಾತಿ ಕೇಳುವುದಿಲ್ಲ.’ ಈ ಮಾತಿನಲ್ಲಿ ನಿಜ ಉಂಟು. 1974ರ ಭೂಸುಧಾರಣೆಯ ನಂತರ ಈ ಜಿಲ್ಲೆಯಲ್ಲಿ ಗೇಣಿದಾರರು ಭೂಮಿಯ ಒಡೆಯರಾದರು. ಗುತ್ತುಗಳ ಗದ್ದೆ ಹಂಚಿಹೋಯಿತು. ಒಕ್ಕಲಾಗಿದ್ದವರ ಮಕ್ಕಳು ಕೋಣ ಕಟ್ಟಿ ಕರೆಗೆ ತಂದರು. ಇದು ಜನ ಹೋರಾಡಿ ಗೆದ್ದ ಗೆಲುವು, ಅದನ್ನು ಸಣ್ಣದು ಮಾಡಬಾರದು.

ಆದರೆ ಆ ಕಾನೂನು ಭೂಮಿ ಕೊಟ್ಟದ್ದು ಗೇಣಿ ಚೀಟಿ ತೋರಿಸಿದವನಿಗೆ, ಗೇಣಿ ಸಾಬೀತು ಮಾಡಿದವನಿಗೆ. ಮೂಲದ ಆಳಾಗಿ ಗೇಯ್ದವನಿಗೆ ಚೀಟಿ ಎಲ್ಲಿಂದ ಬರಬೇಕು? ಕಾಡಿನ ಬಳ್ಳಿಯಲ್ಲಿ ಬುಟ್ಟಿ ಹೆಣೆದ ಕೊರಗನಿಗೆ ಗೇಣಿ ಎಲ್ಲಿಂದ ಬರಬೇಕು? 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನ ಬೀದಿಯಲ್ಲಿ ನಡೆದು ಭೂಮಿ ಕೇಳಿದರು. ಆ ದಿನವನ್ನು ಅವರು ‘ಭೂಮಿ ಹಬ್ಬ’ವೆಂದು ಆಚರಿಸುತ್ತಾರೆ. ಮರುವರ್ಷ ಬಂದ ಡಾ. ಮಹಮ್ಮದ್ ಪೀರ್ ಸಮಿತಿಯ ವರದಿ ಒಂದು ಕುಟುಂಬಕ್ಕೆ ಎರಡೂವರೆ ಎಕರೆ ಎಂದಿತು. ಆ ಎರಡೂವರೆ ಎಕರೆಯನ್ನು ಇವತ್ತಿಗೂ ಕೇಳುತ್ತಲೇ ಇರಬೇಕಾಗಿದೆ. ಆದ್ದರಿಂದ ‘ಈಗ ಎಲ್ಲರೂ ಇದ್ದಾರೆ’ ಎಂದು ಹೇಳುವವರು ಒಂದು ಕ್ಷಣ ನಿಂತು ‘ಎಲ್ಲರೂ’ ಎಂಬ ಪದದೊಳಗೆ ಯಾರು ಇಲ್ಲ ಎಂದು ಎಣಿಸಬೇಕು.

ಇನ್ನು ಕೋಣ. ಪ್ರಾಣಿದಯೆಯ ಮಾತು ಬಂದಾಗ ನಮ್ಮವರು ಕೆಲವರಿಗೆ ಸಿಟ್ಟು ಬರುತ್ತದೆ. ಕಾರಣ ಇಲ್ಲದೆ ಅಲ್ಲ. ಸುಪ್ರೀಂ ಕೋರ್ಟು 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2016ರಲ್ಲಿ ಹೈಕೋರ್ಟು ಕಂಬಳ ನಿಲ್ಲಿಸಿತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳನ್ನೇ ಮೆರವಣಿಗೆ ಮಾಡಿ ಜನ ಬೀದಿಗೆ ಬಂದರು. ಅದೇ ವರ್ಷ ವಿಧಾನಸಭೆ ತಿದ್ದುಪಡಿ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಆ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕಂಬಳ ನಡೆಯಿತು. ಒಂದು ಕಡೆ ಕೋಣದ ಬೆನ್ನಿನ ಬಾಸುಂಡೆಗೆ ಕೋರ್ಟು ಕಂಡ ನಗರದ ದಯೆ. ಇನ್ನೊಂದು ಕಡೆ ಸಂಸ್ಕೃತಿ ಉಳಿಸಲು ಬೀದಿಗಿಳಿದ ಊರಿನ ಅಭಿಮಾನ. ಕೊರಗನ ಬೆನ್ನಿನ ಲೆಕ್ಕ ಕೇಳಲು ಈ ಎರಡರಲ್ಲಿ ಯಾವುದು ಇಷ್ಟು ದೊಡ್ಡದಾಗಿ ಎದ್ದು ನಿಂತಿತು?

ಈ ಸಿಟ್ಟು ನ್ಯಾಯದ್ದೇ. ಆದರೆ ಸಿಟ್ಟಿನಿಂದ ‘ಮೊದಲು ಮನುಷ್ಯ, ಆಮೇಲೆ ಕೋಣ’ ಎಂಬ ತೀರ್ಮಾನಕ್ಕೆ ಬಂದರೆ ನಾವೇ ಎಡವುತ್ತೇವೆ. ಕೊರಗನನ್ನು ‘ಕೋಣದ ಹಾಗೆ’ ಓಡಿಸಿದರು ಎನ್ನುವಾಗ ಆ ಮಾತಿನ ಬೇರು ಎಲ್ಲಿದೆ ನೋಡಿ. ಕೋಣವನ್ನು ಹೇಗೆ ಬೇಕಾದರೂ ಓಡಿಸಬಹುದು, ಅದು ಇನ್ನೊಬ್ಬರ ಕೆಲಸಕ್ಕಾಗಿಯೇ ಹುಟ್ಟಿದ ಮೈ ಎಂಬ ನಂಬಿಕೆ ಮೊದಲು ಗಟ್ಟಿಯಾಗಬೇಕು. ಆಮೇಲೆ ಯಾರನ್ನು ಬೇಕಾದರೂ ಆ ಸಾಲಿಗೆ ತಳ್ಳಬಹುದು. ಒಂದು ಜೀವ ಬರೀ ಸಲಕರಣೆ ಎಂದು ಒಪ್ಪಿಕೊಂಡ ಕೈಗೆ ಇನ್ನೊಂದು ಜೀವವನ್ನು ಸಲಕರಣೆ ಮಾಡುವುದು ಕಷ್ಟವಲ್ಲ. ಆದ್ದರಿಂದ ಬೆತ್ತದ ಪೆಟ್ಟಿನ ಪ್ರಶ್ನೆ ನಮ್ಮದೂ ಹೌದು. ಅದನ್ನು ಕೊರಗನ ಪ್ರಶ್ನೆಯನ್ನು ಮರೆಸಲು ಬಳಸಿದಾಗ ಮಾತ್ರ ನಾವು ಎದ್ದು ನಿಲ್ಲಬೇಕು.

ಕುದುರೆ ಓಟದ ಲೋಕವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಇಂಗ್ಲೆಂಡಿನ ಏಂಟ್ರಿಯಲ್ಲಿ 1839ರಿಂದ ಹೆಸರಾದ, ಬೇಲಿ ಹಾರಿಸುವ ದೊಡ್ಡ ಓಟವೊಂದು ನಡೆದು ಬಂದಿದೆ, ಗ್ರ್ಯಾಂಡ್ ನ್ಯಾಷನಲ್ ಎಂದು. ಅಲ್ಲಿ ರೆಡ್ ರಮ್ ಎಂಬ ಕುದುರೆ 1973, 1974, 1977ರಲ್ಲಿ ಮೂರು ಸಲ ಗೆದ್ದಿತು. 1995ರಲ್ಲಿ ಅದು ಸತ್ತಾಗ ಗೆಲುವಿನ ಗೆರೆಯ ಬಳಿಯಲ್ಲೇ ಹೂಳಿದರು. ಓಡಿದ್ದು ಕುದುರೆ, ಹೆಸರು ಉಳಿದದ್ದೂ ಕುದುರೆಯದ್ದು. ಅಲ್ಲಿಯೂ ಲಾಯ ಗುಡಿಸಿದವನ ಹೆಸರು ಊರಿಗೆ ಗೊತ್ತಿಲ್ಲ. ಅದು ಶ್ರೀಮಂತರ ಆಟ, ಬಾಜಿಯ ಆಟ, ಬೇಲಿಗೆ ಬಿದ್ದು ಸಾಯುವ ಕುದುರೆಗಳ ಆಟ. ಆದರೆ ಅಲ್ಲಿಂದ ಕಲಿಯಬೇಕಾದ ಒಂದು ನಿಯಮ ಉಂಟು. ಒಂದು ದಿನದ ಓಟ ಮುಗಿದ ಮೇಲೆ ಪ್ರತಿ ಕುದುರೆಯ ಸಾಧನೆಯನ್ನು ತೂಗಿ, ಮುಂದಿನ ಓಟಕ್ಕೆ ಯಾವುದರ ಬೆನ್ನಿನ ಮೇಲೆ ಎಷ್ಟು ಭಾರ ಎಂದು ನಿರ್ಧರಿಸುತ್ತಾರೆ. ಚೆನ್ನಾಗಿ ಓಡಿದ ಕುದುರೆಗೆ ಭಾರ ಹೆಚ್ಚು, ಹಿಂದುಳಿದದ್ದಕ್ಕೆ ಕಡಿಮೆ. ಭಾರ ಎಷ್ಟು ಎಂದು ಓಟದ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಭಾರವನ್ನು ಲೆಕ್ಕಕ್ಕೆ ಹಿಡಿಯದೆ ಓಟವನ್ನು ಮೌಲ್ಯಮಾಪನ ಮಾಡುವವನನ್ನು ಅಲ್ಲಿ ಯಾರೂ ತಿಳಿದವನೆಂದು ಒಪ್ಪುವುದಿಲ್ಲ.

ನಮ್ಮ ಸಮಾಜದ ಓಟದಲ್ಲಿ ಇದು ತಲೆಕೆಳಗು. ಇಲ್ಲಿ ಹಿಂದುಳಿದವನ ಬೆನ್ನಿನ ಮೇಲೆ ಭಾರ ಹೇರುತ್ತಾರೆ, ಹೇರಿದ್ದನ್ನು ಎಲ್ಲಿಯೂ ಬರೆಯುವುದಿಲ್ಲ, ಕೊನೆಗೆ ಗಡಿಯಾರ ತೋರಿಸಿ ‘ನಿನಗೆ ಅರ್ಹತೆ ಇಲ್ಲ’ ಎನ್ನುತ್ತಾರೆ. 1975ರಲ್ಲಿ ಹಾವನೂರು ಆಯೋಗದ ವರದಿ ಬಂದಾಗ ಎದ್ದ ‘ಅರ್ಹತೆ’ಯ ಕೂಗು ಇವತ್ತಿಗೂ ಕಾಲೇಜಿನ ಕಾರಿಡಾರಿನಲ್ಲಿ ಕೇಳುತ್ತದೆ. ಸರ್ಟಿಫಿಕೇಟು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಲ್ಲುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೆ: ಅಂಕವನ್ನು ಅಲ್ಲಗಳೆಯಬೇಡಿ, ಗಡಿಯಾರವನ್ನು ಒಡೆಯಬೇಡಿ. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಬರೆಯಿರಿ, ಹೊತ್ತ ಭಾರ ಎಷ್ಟು ಎಂದು. ಆ ಅಂಕಣವನ್ನೂ ಓದಿದ ಮೇಲೆ ತೀರ್ಪು ಕೊಡಲಿ. ಮೀಸಲಾತಿ ಎಂದರೆ ಕರುಣೆಯಲ್ಲ; ಮೌಲ್ಯಮಾಪನದಲ್ಲಿ ಬಿಟ್ಟುಹೋದ ಅಂಕಣ.

‘ಎಲ್ಲರಿಗೂ ಪಾಲು ಕೊಟ್ಟರೆ ಗೆದ್ದವರೇ ಇಲ್ಲದ ಹಾಗಾಗುತ್ತದಲ್ಲ? ಆಟದ ರುಚಿಯೇ ಹೋಗುತ್ತದಲ್ಲ?’ ಎಂದು ಕೆಲವು ಗೆಳೆಯರು ಕೇಳಬಹುದು. ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ನಾವು ಎರಡು ಪುಸ್ತಕಗಳನ್ನು ಬೇರೆ ಬೇರೆ ಇಡಬೇಕು. ಒಂದು ಹೊಗಳಿಕೆಯ ಪುಸ್ತಕ, ಇನ್ನೊಂದು ಋಣದ ಪುಸ್ತಕ. ಹೊಗಳಿಕೆ ಸಲ್ಲಬೇಕಾದದ್ದು ಮಾಡಿದವರಿಗೆ. ಓಟದಲ್ಲಿ ಮಾಡಿದವರು ಎಂದರೆ ಎರಡು ಕೋಣ, ಒಬ್ಬ ಓಟಗಾರ, ಗಂತಿನಲ್ಲಿ ಬಿಟ್ಟವರು, ಪಳಗಿಸಿ ಸಾಕಿದವರು. ಇಲ್ಲಿ ಹೆಚ್ಚು ಕಡಿಮೆ ಇರಲಿ, ಒಂದನೆಯದು ಎರಡನೆಯದು ಇರಲಿ. ಚೆನ್ನಾಗಿ ಓಡಿದವನನ್ನು ಚೆನ್ನಾಗಿ ಓಡಿದ ಎನ್ನುವುದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಋಣದ ಪುಸ್ತಕ ಬೇರೆ. ಅದರಲ್ಲಿ ಕರೆ ಅಗೆದವರು, ನೀರು ತಂದವರು, ದುಡ್ಡು ಹಾಕಿದವರು, ಮಂಜಿನಲ್ಲಿ ರಾತ್ರಿ ಕಳೆದು ಮೊದಲು ಓಡಿದವರು ಎಲ್ಲರೂ ಬರುತ್ತಾರೆ. ಯಜಮಾನನ ಹೆಸರೂ ಇಲ್ಲಿ ಬರಲಿ, ಬೇಡವೆನ್ನುವುದಿಲ್ಲ. ಅವನ ಹೆಸರು ಹೊಗಳಿಕೆಯ ಪುಸ್ತಕದ ಮೊದಲ ಸಾಲಿನಲ್ಲೂ ಕೂತು, ಋಣದ ಪುಸ್ತಕವನ್ನು ತೆರೆಯುವುದೇ ಬೇಡ ಎನ್ನುವುದು ಅನ್ಯಾಯ.

ಮಾತು ಮಾತಿನಲ್ಲೇ ಉಳಿಯಬಾರದು. ಹಾಗಾಗಿ ಕಂಬಳ ಸಮಿತಿಗಳ ಮುಂದೆ, ಪತ್ರಿಕೆಗಳ ಮುಂದೆ, ನಮ್ಮ ಶಾಲೆಗಳ ಮುಂದೆ ಕೆಲವು ಬೇಡಿಕೆ ಇಡೋಣ. ಫಲಿತಾಂಶದಲ್ಲಿ ಮೊದಲು ಓಡಿಸಿದವನ ಹೆಸರು, ಕೋಣಗಳ ಹೆಸರು, ಸಾಕಿದವರ ಹೆಸರು, ಕೊನೆಗೆ ಯಜಮಾನನ ಹೆಸರು ಅಚ್ಚಾಗಲಿ. ಒಂದು ಕಾಲದಲ್ಲಿ ತೆಂಗಿನಕಾಯಿ, ಬಾಳೆಗೊನೆ ಬಹುಮಾನವಾಗಿದ್ದ ಕಡೆ ಈಗ ಎರಡು ಪವನು, ಒಂದು ಪವನು ಚಿನ್ನ ಬಂದಿದೆ. ಅದರಲ್ಲಿ ಓಡಿದವನ, ಸಾಕಿದವನ ಪಾಲು ಎಷ್ಟು ಎಂಬುದು ಯಜಮಾನನ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಾಗದೆ ನಿಯಮವಾಗಲಿ. ಕಾಲು ಮುರಿದವನ ಕೂಲಿಯ ಹೊಣೆ ಬರವಣಿಗೆಯಲ್ಲಿ ಇರಲಿ. ಕೊರಗರು ಕಂಬಳಕ್ಕೆ ಬರುವುದಾದರೆ ಕುರ್ಚಿಯಲ್ಲಿ ಕೂರಲಿ, ಸಮಿತಿಯಲ್ಲಿ ಕೂರಲಿ. ಡೋಲು ಬಾರಿಸುವುದಾದರೆ ಕಲಾವಿದರ ಸಂಭಾವನೆ ಪಡೆದು, ತಮಗೆ ಬೇಕೆನಿಸಿದಾಗ ಬಾರಿಸಲಿ. ಎರಡೂವರೆ ಎಕರೆಯ ಬೇಡಿಕೆಯನ್ನು ಕಂಬಳ ಉಳಿಸಲು ಬೀದಿಗೆ ಬಂದವರೆಲ್ಲ ತಮ್ಮ ಬೇಡಿಕೆಯೆಂದು ಎತ್ತಿಕೊಳ್ಳಲಿ. ಸಂಸ್ಕೃತಿಯ ಋಣ ತೀರಿಸುವ ದಾರಿ ಅದು.

ಹಳ್ಳಿಯ ಮಾಸ್ತರರಿಗೆ, ಟೀಚರಮ್ಮಂದಿರಿಗೆ ಒಂದು ಕೆಲಸ ಹೇಳುತ್ತೇನೆ. ಮುಂದಿನ ಕಂಬಳದ ಮರುದಿನ ತರಗತಿಯಲ್ಲಿ ಆ ಪತ್ರಿಕೆಯ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳಿಗೆ ಕೇಳಿ: ಈ ಓಟಕ್ಕೆ ಕೆಲಸ ಮಾಡಿದವರು ಇನ್ನು ಯಾರು ಯಾರು? ಒಬ್ಬೊಬ್ಬರನ್ನು ಸೇರಿಸುತ್ತ ಹೋಗಲಿ. ಅಪ್ಪ ಹಟ್ಟಿ ತೊಳೆದ ಮಗು ಉಂಟು, ಮಾವ ಕರೆ ಅಗೆದ ಮಗು ಉಂಟು, ಅಜ್ಜ ಮಂಜಿನಲ್ಲಿ ಕೂತ 

ಮಗುವೂ ಇರಬಹುದು. ಆ ಮಗು ಮಾತಾಡದೆ ಇದ್ದರೆ ಒತ್ತಾಯಿಸಬೇಡಿ. ಆದರೆ ಬೋರ್ಡಿನ ಮೇಲೆ ಅದರ ಅಜ್ಜನಿಗೆ ಜಾಗ ಬಿಟ್ಟಿರಿ. ಬೋರ್ಡು ತುಂಬಿದ ಮೇಲೆ ಮಕ್ಕಳೇ ಕೇಳುತ್ತಾರೆ, ಪತ್ರಿಕೆಯಲ್ಲಿ ಇವರೆಲ್ಲ ಯಾಕೆ ಇಲ್ಲ ಎಂದು. ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ದೊಡ್ಡವರದ್ದು.